ವಾಸನೆ ಬಿಡಿಸುವ ಮೇಡಂ

ಐಮಂಗಲದ ಹತ್ತಿರ ಈರುಳ್ಳಿ ಒಣಗಿಸುವ ಕಾರ್ಖಾನೆಯಲ್ಲಿ ನಾನು ಗುಮಾಸ್ತನಾಗಿದ್ದಾಗ, ವಾಸನೆಯ ನ್ಯಾಯಪೀಠ ಅಲ್ಲಿನ ಕೆಮಿಸ್ಟ್ ಮೇಡಂ ಅವರದಾಗಿತ್ತು. ಮಾದರಿಯನ್ನು ಕಾಯಿಸಿ ಅದರ ವಾಸನೆಗಳನ್ನು ಒಂದೊಂದಾಗಿ ಬಿಡಿಸುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರದ ಮುಂದೆ ಕೈಕಟ್ಟಿ ಕೂತು, ಅವಸರಪಟ್ಟವರಿಗೆಲ್ಲ "ತಡೀರಿ, ಒಂದೊಂದೇ ಬರ್ತವೆ" ಎನ್ನುತ್ತಿದ್ದರು.

ಒಮ್ಮೆ ಆದಿವಾಲದ ರೈತರೊಬ್ಬರ ಲೋಡನ್ನು ಮ್ಯಾನೇಜರು ಕೊಳೆತ ವಾಸನೆಯೆಂದು ವಾಪಸ್ ಕಳಿಸಲು ಹೊರಟರು. ಮೇಡಂ ಪರೀಕ್ಷಿಸಿದರೆ, ಘಾಟು ಕೊಡುವ ಗಂಧಕದ ಅಂಶವೂ ಕೊಳೆತರೆ ಹುಟ್ಟುವ ಆಲ್ಕೋಹಾಲೂ ಅಂಟಿಕೊಂಡು ಪರದೆಯ ಮೇಲಿನ ಗೆರೆಯಲ್ಲಿ ಒಂದೇ ಗುಡ್ಡವಾದವು. ಯಂತ್ರದ ಶಾಖವನ್ನು ನಿಧಾನಕ್ಕೆ ಏರಿಸಿ ಮತ್ತೆ ಓಡಿಸಿದರು. ಗುಡ್ಡ ಎರಡಾಯಿತು. ಗಂಧಕದ್ದು ಕೋಟೆಯೆತ್ತರ, ಆಲ್ಕೋಹಾಲಿನದು ಇರುವೆಗೂಡಿನಷ್ಟು.

"ಕೊಳೆತಿಲ್ಲ, ಬರೀ ಘಾಟು. ಇಳಿಸ್ಕಳ್ರಿ."

ರೈತರ ಮುಖ ಅರಳಿತು. "ಮೇಡಮ್ಮಾರೇ, ನಾವು ಅಣ್ಣತಮ್ಮರೂ ಬೇರೆ ಆಗ್ಬೇಕು. ಇದ್ರಾಗೇ ಹಾಕಿ ಬಿಡಿಸಿಕೊಡ್ರಿ."

ಮೇಡಂ ನಗಲಿಲ್ಲ. "ಆಗ್ತೈತೆ ಯಜಮಾನ್ರೇ. ಆದ್ರೆ ಮೊದ್ಲು ನಿಮ್ಮನ್ನ ಕಾಯಿಸಿ ಆವಿ ಮಾಡ್ಬೇಕು."