ಕಿಟಕಿಯಾಚೆ ಕೂತು ಓದಿದ ಕಾದಂಬರಿ

ಮೊನ್ನೆ ಕಡೂರು ಸ್ಟೇಷನ್ನಿನಲ್ಲಿ ಪಕ್ಕದ ಬೆಂಚಿನ ಹುಡುಗಿ ಓದುತ್ತಿದ್ದ ಪುಸ್ತಕದ ಮೇಲೆ ಕಣ್ಣು ಬಿತ್ತು. ಕಪ್ಪು ಆಕಾಶ, ನಡುವೆ ಒಂಟಿ ಗಗನನೌಕೆ. ಬೆಚ್ಚಿ ಮುಖ ತಿರುಗಿಸಿದೆ. ಈ ವಯಸ್ಸಿನಲ್ಲಿ ರಟ್ಟಿನ ಚಿತ್ರಕ್ಕೆ ಬೆಚ್ಚುತ್ತಾಳಲ್ಲ ಎಂದು ನೀವು ನಗಬಹುದು. ನಗುವ ಮುಂಚೆ ಸ್ವಲ್ಪ ಕೇಳಿ.

ಎಪ್ಪತ್ತರ ದಶಕದ ಕೊನೆ. ಹೈಸ್ಕೂಲು ಮುಗಿಸಿ ರಜೆಗೆಂದು ತರೀಕೆರೆಯ ದೊಡ್ಡಪ್ಪನ ಮನೆಗೆ ಹೋದರೆ, ನನ್ನದೇ ವಯಸ್ಸಿನ ಅವರ ಮಗಳು ಗಿರಿಜೆಗೆ ಮೈತುಂಬ ಅಮ್ಮ ಎದ್ದು ಮೂರು ವಾರವಾದರೂ ಗುಳ್ಳೆ ಒಣಗಿರಲಿಲ್ಲ. ಡಾಕ್ಟರು ಚಿಕನ್‌ಪಾಕ್ಸ್ ಎಂದರೂ ನಮ್ಮಜ್ಜಿಯ ಬಾಯಲ್ಲಿ ಅದು ಅಮ್ಮನೇ. ಆರೈಕೆ ಮಾಡುತ್ತಿದ್ದ ದೊಡ್ಡಮ್ಮನಿಗೂ ಅಂಟಿ, ಉಸಿರು ಕಟ್ಟುವಂತಾಗಿ, ದೊಡ್ಡಪ್ಪ ಅವರನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದರು. ಮನೆಯಲ್ಲಿ ಉಳಿದವರು ಅಜ್ಜಿ ಮತ್ತು ನಾವಿಬ್ಬರು.

ನನಗೆ ಚಿಕ್ಕಂದಿನಲ್ಲೇ ಅದು ಬಂದು ಹೋಗಿದ್ದರಿಂದ ಅಜ್ಜಿ ವಾಪಸ್ ಕಳಿಸಲಿಲ್ಲ, ಆದರೆ ಕೋಣೆಯೊಳಕ್ಕೂ ಬಿಡಲಿಲ್ಲ. ಹಿತ್ತಲಿನ ಕಿಟಕಿಯಾಚೆ ಕೂತು, ಲೈಬ್ರರಿಯಿಂದ ತಂದಿದ್ದ ಗಗನನೌಕೆಯ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಯಂತ್ರ ಮಾತಾಡುವ ಕಡೆ ಮೂಗು ಹಿಡಿದುಕೊಂಡು ಓದುವುದು ನನ್ನ ಮಹಾಪ್ರತಿಭೆ. “ನಗಿಸ್ಬೇಡ್ವೇ, ಗುಳ್ಳೆ ಉರೀತವೆ” ಎಂದು ಗಿರಿಜೆ ಬೈಯುತ್ತಿದ್ದಳು.

ಕತೆ ಹೀಗೆ: ಶನಿಗ್ರಹದತ್ತ ಹೊರಟ ನೌಕೆಯಲ್ಲಿ ಹುಡುಗನೊಬ್ಬ ಒಂಟಿ. ಜೊತೆಯವರೆಲ್ಲ ತೀರಿಹೋಗಿದ್ದಾರೆ. ದಿನವೂ ಭೂಮಿಯಿಂದ ರೇಡಿಯೋದಲ್ಲಿ ಅಕ್ಕನ ದನಿ ಬರುತ್ತದೆ, ಅದೊಂದೇ ಆಸರೆ. ಒಂದು ದಿನ ಅವನಿಗೆ ಹೊಳೆಯುತ್ತದೆ. ಅಕ್ಕ ದಿನಾ ಅದೇ ಮಾತಿನ ನಡುವೆ, ಅದೇ ಜಾಗದಲ್ಲಿ ಕೆಮ್ಮುತ್ತಾಳೆ! ಅದು ಎಂದೋ ಮುದ್ರಿಸಿಟ್ಟ ದನಿ. ಅಕ್ಕ ಸತ್ತು ಎಷ್ಟೋ ಕಾಲವಾಗಿದೆ.

“ನಿಲ್ಸೇ” ಎಂದಳು ಗಿರಿಜೆ. “ಅಜ್ಜಿನೂ ದಿನಾ ಒಂದೇ ಮಾತು ಹೇಳ್ತಾಳೆ ಕಣೇ. ನಿಮ್ಮವ್ವ ಗಂಜಿ ಕುಡುದ್ಲು, ನಿನ್ನೇ ಕೇಳಿದ್ಲು ಅಂತ. ಒಂದಕ್ಷರ ಆಚೀಚೆ ಇಲ್ಲ.”

“ಕತೆ ಕೇಳಿ ತಲೆ ಕೆಡಿಸ್ಕೋಬೇಡ” ಎಂದೆ. ನನಗೂ ಏನೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅಜ್ಜಿ ಎಳನೀರು ಹಿಡಿದು ಬಂದಳು. ಗಿರಿಜೆ ಕಿಟಕಿಯ ಸರಳು ಹಿಡಿದು ಎದ್ದು ನಿಂತಳು.

“ಅಜ್ಜಿ, ಅವ್ವ ಇದಾಳಾ?”

“ಗಂಜಿ ಕುಡುದ್ಲು ಮಗಾ, ನಿನ್ನೇ...” ಅಜ್ಜಿ ಎಳನೀರನ್ನು ಕಿಟಕಿಯ ಕೆಳಗಿಟ್ಟಳು. ನೆಲದಲ್ಲೇ ಕೂತಳು. “ಹೋಗ್ಬಿಟ್ಲು ಕಣೇ. ಸೋಮವಾರನೇ ಹೋಗ್ಬಿಟ್ಲು. ಹಿರೇನಲ್ಲೂರಿನ ನಮ್ಮ ಹೊಲದಲ್ಲೇ ಮಣ್ಣು ಮಾಡಿದ್ರು. ನಿಂಗೆ ವಾಸಿಯಾಗೋ ತನಕ ಹೇಳ್ಬೇಡ ಅಂದ ನಿಮ್ಮಪ್ಪ.”

ನಾನು ಪುಸ್ತಕ ಮುಚ್ಚಿದೆ. ಗಿರಿಜೆ ಬಾಗಿಲು ತೆಗೆದು ಹೊರಗೆ ಬಂದಳು.

“ನನ್ನಿಂದ್ಲೇ ಅಂಟಿದ್ದಲ್ವಾ?”

ಅಜ್ಜಿ, ಮುಟ್ಟಬಾರದೆಂದು ತಾನೇ ಹಾಕಿದ್ದ ನೇಮ ಮರೆತು ಅವಳನ್ನು ಮಡಿಲಿಗೆ ಎಳೆದುಕೊಂಡಳು.

ಆ ಪುಸ್ತಕವನ್ನು ನಾನು ಮುಗಿಸಲಿಲ್ಲ. ಅಂಥದ್ದನ್ನು ಮತ್ತೆ ಮುಟ್ಟಲೂ ಇಲ್ಲ. ಆ ಸುದ್ದಿಯನ್ನು ಸೀಳಿ ಹೊರತೆಗೆದದ್ದು ನನ್ನ ದನಿಯೇ ಎಂದುಕೊಂಡು ಇಷ್ಟು ವರ್ಷ ಕಳೆದೆ. ಮೊನ್ನೆ ಸ್ಟೇಷನ್ನಿನಿಂದಲೇ, ಈಗ ಅಜ್ಜಂಪುರದಲ್ಲಿರುವ ಗಿರಿಜೆಗೆ ಫೋನು ಮಾಡಿ ಇದನ್ನೇ ಹೇಳಿದೆ.

“ನಂಗೆ ಅದಕ್ಕೂ ಮುಂಚೆನೇ ಗೊತ್ತಿತ್ತು ಕಣೇ. ಅಜ್ಜಿ ಬಾಯಿಗೆ ಸೆರಗು ತುರುಕ್ಕೊಂಡು ಅಳೋದು ಗೋಡೆಯಾಚೆಯಿಂದ ಕೇಳ್ತಿತ್ತು. ಅವಳನ್ನ ಬಾಯ್ಬಿಟ್ಟು ಕೇಳೋಕೆ ಧೈರ್ಯ ಇರ್ಲಿಲ್ಲ. ಅವತ್ತು ನೀನು ಕಿಟಕಿ ಹತ್ರ ಕೂತಿದ್ಯಲ್ಲ, ಅದಕ್ಕೇ ಕೇಳ್ದೆ.”

ನನ್ನ ರೈಲು ಬಂತು, ಹೋಯಿತು. ನಾನು ಎದ್ದು ಅಜ್ಜಂಪುರದ ಬಸ್ಸು ಎಲ್ಲಿ ನಿಲ್ಲುತ್ತದೆಂದು ವಿಚಾರಿಸಿದೆ.