ಓನರ್ ಆಂಟಿಗೊಬ್ಬ ಎದುರಾಳಿ

ಟಿ. ದಾಸರಹಳ್ಳಿಯ ಮೆಟ್ರೋ ಇಳಿದು ಒಳಗೆ ನಡೆದರೆ ಅಡ್ಡರಸ್ತೆಯ ಮೂಲೆಯಲ್ಲಿ ಹಸಿರು ಬಣ್ಣದ ಕಟ್ಟಡವೊಂದು ಸಿಗುತ್ತದೆ. ಅದು ವನಜಮ್ಮನವರದು. ಅವರ ಮಾವನ ಕಾಲದಲ್ಲಿ ಅಲ್ಲಿ ರಾಗಿ ಹೊಲವಿತ್ತು. ಈಗ ಎಲ್ಲ ಬಾಡಿಗೆ ಮನೆಗಳು, ಮನೆ ತುಂಬ ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ಸಂಸಾರಗಳು. ಮೇಲಂತಸ್ತಿನಲ್ಲಿ ವನಜಮ್ಮ ಒಬ್ಬರೇ. ಮಕ್ಕಳಾಗಲಿಲ್ಲ. ಗಂಡ ದೇವರಾಜ್ ಎದೆನೋವು ಅಂತ ಕೂತವರು ಮತ್ತೆ ಏಳಲಿಲ್ಲ.

ಕಟ್ಟಡದಲ್ಲಿ ಮಾತಿಗೇನೂ ಬರವಿಲ್ಲ. ನೀರು ಬಂದಿಲ್ಲ ಆಂಟಿ, ಮೋಟಾರು ಹಾಕಿ ಆಂಟಿ, ಗೇಟಿಗೆ ಅಡ್ಡ ಬೈಕು ನಿಲ್ಲಿಸಿದ್ದಾರೆ ಆಂಟಿ. ಆದರೆ ಅವರನ್ನು ಮುಟ್ಟುವವರು ಯಾರೂ ಇರಲಿಲ್ಲ. ಅರಿಶಿನ ಕುಂಕುಮಕ್ಕೆ ಕರೆದು ಕೈ ಹಿಡಿದು ಕೂರಿಸುವವರಿಲ್ಲ, ಬಳೆ ತೊಡಿಸುವವರಿಲ್ಲ. ಮೊದಲಾದರೆ ತಿಂಗಳಿಗೊಮ್ಮೆ ಬಾಡಿಗೆ ಕೊಡುವಾಗಲಾದರೂ ಕೈಗೆ ಕೈ ತಾಗುತ್ತಿತ್ತು, ಈಗ ಅದೂ ಮೊಬೈಲಿಗೇ ಬಂದು ಬೀಳುತ್ತದೆ. ಇಂಥ ದುಃಖವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿದರೆ ನಗುತ್ತಾರೆ.

ಅವರ ತಾರಸಿಯ ಮೇಲೆ ಸಂಜೆ ಹೊತ್ತು ಕರಾಟೆ ಕ್ಲಾಸು ನಡೆಯುತ್ತಿತ್ತು. ಕಲಿಸುವ ಮುನೀಂದ್ರ ಮಾಸ್ಟರು ಕೆಳಗಿನ ಮನೆಯ ಬಾಡಿಗೆದಾರರು, ಹಗಲು ಲೇತ್ ಮೆಷಿನ್ ಮುಂದೆ ನಿಲ್ಲುವವರು. ಒಣಗಿದ ಬಟ್ಟೆ ತೆಗೆಯಲು ಹೋದ ವನಜಮ್ಮ ಒಂದು ದಿನ ನೋಡುತ್ತ ನಿಂತರು, ಇನ್ನೊಂದು ದಿನ ಹಿಂದಿನ ಸಾಲಿನಲ್ಲೇ ನಿಂತುಬಿಟ್ಟರು. ನಲವತ್ತಾರನೇ ವಯಸ್ಸಿಗೆ ಬಿಳಿ ಅಂಗಿ, ಬಿಳಿ ಪ್ಯಾಂಟು ಹೊಲಿಸಿಕೊಂಡರು. ಬೀದಿಯ ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು. ನಗಲಿ ಬಿಡಿ, ನಗುವವರಿಗೇನು ಕೂಲಿ ಕೊಡಬೇಕೆ?

ಅವರಿಗೆ ಬೇಕಾಗಿದ್ದದ್ದು ಬೆಲ್ಟಿನ ಬಣ್ಣವಲ್ಲ. ಇಬ್ಬರು ಎದುರುಬದುರು ನಿಂತು, ಬಗ್ಗಿ ವಂದಿಸಿ, ಒಬ್ಬರಿಗೊಬ್ಬರು ಹೊಡೆದು, ಮತ್ತೆ ಬಗ್ಗಿ ವಂದಿಸುವ ಆ ಪಂದ್ಯ ಬೇಕಾಗಿತ್ತು. ಎದುರಾಳಿಯಾದವಳು ಅಷ್ಟು ಹೊತ್ತು ನಿಮ್ಮನ್ನು ಬಿಟ್ಟು ಬೇರೆ ಯಾರನ್ನೂ ನೋಡುವುದಿಲ್ಲ. ಈ ಲೋಕದಲ್ಲಿ ಅಷ್ಟು ಗಮನ ಯಾರು ಯಾರಿಗೆ ಕೊಡುತ್ತಾರೆ?

ಆದರೆ ಒಂದು ಕೈಯಿಂದ ಚಪ್ಪಾಳೆ ಆಗುವುದಿಲ್ಲವಲ್ಲ. ಕ್ಲಾಸಿನ ಮಕ್ಕಳೆಲ್ಲ ಅವರ ಬಾಡಿಗೆದಾರರ ಮಕ್ಕಳೇ. "ಓನರ್ ಆಂಟಿಗೆ ಕೈ ಗೀ ತಾಗಿಸೀಯ, ಜೋಕೆ" ಎಂದು ತಾಯಂದಿರು ಹೇಳಿಯೇ ಮೆಟ್ಟಿಲು ಹತ್ತಿಸುತ್ತಿದ್ದರು. ಎರಡನೇ ಮಹಡಿಯ ಈರಣ್ಣನ ಮಗಳು ಭಾಗ್ಯಶ್ರೀಗೆ ಹದಿನೇಳು ವರ್ಷ, ಅವಳು ಒದ್ದರೆ ಗಂಡು ಹುಡುಗರು ಅಳುತ್ತಿದ್ದರು. ಅದೇ ಭಾಗ್ಯಶ್ರೀಯ ಮುಷ್ಟಿ ವನಜಮ್ಮನ ಮುಂದೆ ಒಂದು ಗೇಣು ದೂರದಲ್ಲೇ ನಿಂತುಬಿಡುತ್ತಿತ್ತು.

"ಹೊಡಿಯೇ, ನಾನೇನ್ ಗಾಜಿನ ಗೊಂಬೇನಾ?"

"ಬೇಡ ಆಂಟಿ, ನಮ್ಮಮ್ಮ ಬೈತಾಳೆ."

ಅಷ್ಟರಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆ ಅಂತರರಾಷ್ಟ್ರೀಯ ಕರಾಟೆ ಚಾಂಪಿಯನ್‌ಶಿಪ್ ನಡೆಯುತ್ತದೆಂದು ಸುದ್ದಿ ಬಂತು. ಮಾಸ್ಟರು ಭಾಗ್ಯಶ್ರೀಯ ಹೆಸರು ಕೊಟ್ಟರು, ವನಜಮ್ಮನದೂ ಕೊಟ್ಟರು. ವನಜಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೇಪಾಳದವರು ಬರುತ್ತಾರೆ, ಶ್ರೀಲಂಕಾದವರು ಬರುತ್ತಾರೆ, ಅವರಿಗ್ಯಾರಿಗೂ ದಾಸರಹಳ್ಳಿಯಲ್ಲಿ ಬಾಡಿಗೆ ಮನೆ ಬೇಕಾಗಿಲ್ಲ. ಬರುವವಳು ಯಾರೇ ಇರಲಿ, ಮನಸಾರೆ ಹೊಡೆಯುತ್ತಾಳೆ.

ಆ ದಿನ ಮೈಕಿನಲ್ಲಿ ಹೆಸರು ಕೂಗಿದರು. ವನಜಮ್ಮ ಅಂಕಣಕ್ಕೆ ಇಳಿದು ಬಗ್ಗಿ ವಂದಿಸಿದರು. ತಲೆ ಎತ್ತಿದರೆ ಎದುರಿಗೆ ಯಾರೂ ಇಲ್ಲ. ಮಹಿಳೆಯರು, ನಲವತ್ತೈದರ ಮೇಲೆ: ಆ ವಿಭಾಗದಲ್ಲಿ ಇದ್ದದ್ದು ಅವರೊಬ್ಬರೇ. ರೆಫರಿ ಅವರ ಮಣಿಕಟ್ಟು ಹಿಡಿದು ಕೈ ಮೇಲೆತ್ತಿ, ತಕ್ಷಣ ಬಿಟ್ಟ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಚಿನ್ನದ ಪದಕ ಕೊರಳಿಗೆ ಬಂತು. ಮೂರು ಮೆಟ್ಟಿಲಿನ ಕಟ್ಟೆಯ ಮೇಲೆ ನಡುವೆ ಅವರು, ಎಡಕ್ಕೂ ಬಲಕ್ಕೂ ಖಾಲಿ. "ಮೇಡಂ, ಸ್ವಲ್ಪ ಸ್ಮೈಲ್" ಎಂದ ಫೋಟೋದವನು.

ಪಕ್ಕದ ಅಂಕಣದಲ್ಲಿ ಮೂವತ್ತೈದರ ಮೇಲಿನವರ ಪಂದ್ಯ ನಡೆಯುತ್ತಿತ್ತು. ಶ್ರೀಲಂಕಾದ ಹೆಂಗಸೊಬ್ಬಳ ಮೂಗಿನಲ್ಲಿ ರಕ್ತ. ಪಂದ್ಯ ಮುಗಿದ ಮೇಲೆ ಇಬ್ಬರೂ ತಬ್ಬಿಕೊಂಡು ಏನೋ ಹೇಳಿ ನಕ್ಕರು. ವನಜಮ್ಮ ಅವರನ್ನೇ ನೋಡುತ್ತ ನಿಂತಿದ್ದರು.

"ಮಾಸ್ಟ್ರೇ, ನನ್ನ ಆ ಗುಂಪಿಗೆ ಹಾಕ್ಬೋದಿತ್ತಾ?"

"ಹಾಕ್ಬೋದಿತ್ತು ಆಂಟಿ. ಆದ್ರೆ ನಲವತ್ತೈದರ ಮೇಲೆ ಯಾರೂ ಬರಲ್ಲ ಅಂತ ಗೊತ್ತಿತ್ತು, ನಿಮಗೆ ಗೋಲ್ಡ್ ಗ್ಯಾರಂಟಿ ಆಗ್ಲಿ ಅಂತ ಹಂಗ್ ಮಾಡ್ದೆ. ನಿಮಗೇನಾದ್ರೂ ಪೆಟ್ಟು ಬಿದ್ದಿದ್ರೆ ನಾನು ಆ ಮನೇಲಿ ಯಾವ ಮುಖ ಇಟ್ಕೊಂಡು ಇರ್ಲಿ ಹೇಳಿ?"

ಕೆಟ್ಟದ್ದು ಮಾಡಿದವರಿಗೆ ಬೈಯಬಹುದು, ಒಳ್ಳೆಯದು ಮಾಡಿದವರಿಗೆ ಬೈಯುವುದು ಹೇಗೆ! ಕಂಚು ಗೆದ್ದ ಭಾಗ್ಯಶ್ರೀ ಊದಿದ ತುಟಿ ಸವರಿಕೊಳ್ಳುತ್ತ ಮೆಟ್ರೋ ತುಂಬ ತನ್ನ ಪಂದ್ಯದ ಕಥೆ ಹೇಳಿದಳು. ವನಜಮ್ಮನ ಹತ್ತಿರ ಹೇಳಲು ಕಥೆಯಿರಲಿಲ್ಲ.

ಬೀದಿಯ ಮೂಲೆಗೆ ಫ್ಲೆಕ್ಸ್ ಬಿತ್ತು. ಚಿನ್ನದ ವನಜಮ್ಮ ದೊಡ್ಡದಾಗಿ, ಕಂಚಿನ ಭಾಗ್ಯಶ್ರೀ ಚಿಕ್ಕದಾಗಿ. ಬಾಡಿಗೆದಾರರೆಲ್ಲ ಸೇರಿ ಹಾರ ಹಾಕಿದರು, ಅದೂ ಮೈಗೆ ಕೈ ತಾಗದ ಹಾಗೆ.

"ಎಷ್ಟು ಜನಾನ ಸೋಲಿಸಿದ್ರಿ ಆಂಟಿ?"

"ಯಾರನ್ನೂ ಇಲ್ಲ" ಎಂದರು ವನಜಮ್ಮ. ಎಂಥ ವಿನಯ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಸ್ವಲ್ಪ ದಿನಕ್ಕೆ ಈರಣ್ಣ ಕೆಲಸಕ್ಕಿದ್ದ ಕಾರ್ಖಾನೆ ದಾಬಸ್‌ಪೇಟೆಗೆ ಹೋಯಿತು, ಅದರ ಹಿಂದೆ ಅವನ ಸಂಸಾರವೂ ಹೊರಟಿತು. ಭಾನುವಾರ ಬೆಳಿಗ್ಗೆ ಟೆಂಪೋಗೆ ಸಾಮಾನು ತುಂಬಿ, ಮನೆಯ ಕೀ ಕೊಟ್ಟು ಬಾ ಎಂದು ಮಗಳನ್ನು ಮೇಲೆ ಕಳಿಸಿದರು. ವನಜಮ್ಮ ತಾರಸಿಯಲ್ಲಿ ನೀರಿನ ಟ್ಯಾಂಕಿನ ಗೋಡೆಗೆ ಮುಖ ಮಾಡಿ ಒಬ್ಬರೇ ಅಭ್ಯಾಸ ಮಾಡುತ್ತಿದ್ದರು. ಭಾಗ್ಯಶ್ರೀ ಕೀಯನ್ನು ಅವರ ಅಂಗೈಗೆ ಇಟ್ಟಳು.

"ಈಗ ನೀವು ನಮ್ಮ ಓನರ್ ಅಲ್ಲ ಅಲ್ವಾ ಆಂಟಿ?"

"ಅಲ್ಲ ಕಣೇ. ಯಾಕೆ?"

ಹುಡುಗಿ ಚಪ್ಪಲಿ ಬಿಟ್ಟಳು, ಕಿವಿಯ ಜುಮುಕಿ ಬಿಚ್ಚಿ ಪ್ಯಾರಾಪೆಟ್ ಮೇಲಿಟ್ಟಳು, ಎದುರಿಗೆ ಬಂದು ಬಗ್ಗಿ ವಂದಿಸಿದಳು. ವನಜಮ್ಮ ಕೀಯನ್ನು ಜುಮುಕಿಯ ಪಕ್ಕ ಇಟ್ಟು ತಾವೂ ಬಗ್ಗಿದರು.

ಮೊದಲನೇ ಏಟೇ ಪಕ್ಕೆಗೆ ಬಿತ್ತು. ಉಸಿರು ಕಟ್ಟಿತು.

"ಅಯ್ಯೋ ಆಂಟಿ!"

"ನಿಲ್ಲಿಸ್ಬೇಡ ಕಣೇ, ನಿನ್ನ ದಮ್ಮಯ್ಯ!"

ಭಾಗ್ಯಶ್ರೀ ನಿಲ್ಲಿಸಲಿಲ್ಲ. ವನಜಮ್ಮ ಒಂದೇ ಒಂದು ಏಟು ಕೊಟ್ಟರು, ತಿಂದದ್ದಕ್ಕೆ ಲೆಕ್ಕವಿಲ್ಲ. ಕೊನೆಗೆ ಕಾಲಿಗೆ ಕಾಲು ಕೊಟ್ಟು ಹುಡುಗಿ ಅವರನ್ನು ನೆಲಕ್ಕೆ ಕೆಡವಿ, ತಾನೇ ಕೈ ಕೊಟ್ಟು ಎಬ್ಬಿಸಿ, ಬಿಗಿಯಾಗಿ ತಬ್ಬಿಕೊಂಡಳು. ಬೆವರಿನ ವಾಸನೆ, ಎಣ್ಣೆ ಹಚ್ಚಿದ ಕೂದಲಿನ ವಾಸನೆ. ಕೆಳಗೆ ಟೆಂಪೋ ಹಾರ್ನ್ ಹೊಡೆಯಿತು.

"ಸೋತೆ ಕಣೇ" ಎಂದರು ವನಜಮ್ಮ. ಅಷ್ಟು ಸಂತೋಷದಿಂದ ಸೋತವರನ್ನು ಆ ತಾರಸಿ ಕಂಡಿರಲಿಲ್ಲ.

ಮಾರನೇ ದಿನ ಗೇಟಿಗೆ 'ಮನೆ ಬಾಡಿಗೆಗಿದೆ' ಬೋರ್ಡು ಬಿತ್ತು. ರಂಗೋಲಿ ಹಾಕಲು ಬಗ್ಗಿದರೆ ಪಕ್ಕೆ ಚುಳ್ಳೆನ್ನುತ್ತಿತ್ತು. ಎದುರುಮನೆಯ ಮಾರಕ್ಕ ನೋಡಿ ನೋವಿನೆಣ್ಣೆ ತಂದುಕೊಟ್ಟಳು. ವನಜಮ್ಮ ಅದರ ಮುಚ್ಚಳವನ್ನೂ ತೆಗೆಯಲಿಲ್ಲ. ದಿನಾ ಸ್ನಾನದ ಹೊತ್ತಿಗೆ ಏಟು ಬಿದ್ದು ನೀಲಿಗಟ್ಟಿದ್ದ ಜಾಗವನ್ನು ಒತ್ತಿ ನೋಡುತ್ತಿದ್ದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು. ಒಂದು ಬೆಳಿಗ್ಗೆ ಎಷ್ಟು ಒತ್ತಿದರೂ ನೋವಿರಲಿಲ್ಲ. ಆವತ್ತು ಬಚ್ಚಲಲ್ಲಿ ಕೂತು ಅವರು ಅತ್ತುಬಿಟ್ಟರು.