ಮೊದಲು ಬರುತ್ತಿದ್ದ ಪಾರ್ಸೆಲ್

ಬೆಳಗಿನ ಐದು ಗಂಟೆ. ಬೀದಿದೀಪ ಇನ್ನೂ ಆರಿಲ್ಲ. ಮೋಟಾರ್ ವೈಂಡಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬರು ಬರಿಗಾಲಲ್ಲಿ ನಿಂತಿದ್ದಾರೆ. ಕೈಯಲ್ಲಿ ಪಿಸ್ತೂಲಿನ ಹಿಡಿಯಂಥ, ಒತ್ತಿದಷ್ಟೂ ವೇಗ ಏರಿಸುವ ಕಂಟ್ರೋಲರ್. ಎದುರಿಗೆ ಕೋಣೆಯ ಮುಕ್ಕಾಲು ಪಾಲು ತುಂಬಿಕೊಂಡ ಮರದ ಹಲಗೆ. ಅದರ ಮೇಲೆ ಸುತ್ತಿ ಬಳಸಿ ಹೋಗುವ ನಾಲ್ಕು ಸೀಳುಗಳು, ಪ್ರತಿ ಸೀಳಿನ ಎರಡೂ ಬದಿಗೆ ತಾಮ್ರದ ಪಟ್ಟಿ. ಅಂಗೈಯಷ್ಟಿರುವ ಬೂದು ಬಣ್ಣದ ಕಾರೊಂದು ಹೊಟ್ಟೆಯಡಿಯ ಮೊಳೆಯನ್ನು ಸೀಳಿಗೆ ಸಿಕ್ಕಿಸಿಕೊಂಡು, ಪಟ್ಟಿಯಿಂದ ಕರೆಂಟು ಎಳೆದುಕೊಂಡು ಓಡುತ್ತಿದೆ. ಐವತ್ತು ಸುತ್ತಾಯಿತು, ನೂರಾಯಿತು. ಸುತ್ತು ಎಣಿಸುವ ಯಂತ್ರವನ್ನು ಹಚ್ಚೇ ಇಲ್ಲ.

"ಇದು ಕಸ ಗುಡಿಸೋ ಗಾಡಿ. ಒಂದು ಗಂಟೆ ಇದನ್ನ ಓಡಿಸಿದ ಮೇಲೇನೇ ಬೇರೆಯವರ ಕಾರು ಮುಟ್ಟೋದು," ಎನ್ನುತ್ತಾರೆ. ಆಮೇಲೆ, "ಮೊದಲು ಹೀಗೆ ಮಾಡ್ತಿರಲಿಲ್ಲ," ಎಂದು ಕಾರಿನ ವೇಗ ಏರಿಸುತ್ತಾರೆ.

ಬೀದಿಗೆಲ್ಲ ಅವರು ವೈಂಡಿಂಗ್ ಅಣ್ಣ. ಸುಟ್ಟುಹೋದ ಪಂಪು, ಫ್ಯಾನುಗಳ ಹೊಟ್ಟೆ ಬಗೆದು ಹೊಸ ತಾಮ್ರದ ತಂತಿ ಸುತ್ತುವುದು ಮೂವತ್ತೊಂದು ವರ್ಷದ ಕಸುಬು. ಅದರಲ್ಲಿ ಅನ್ನ ಹುಟ್ಟುತ್ತದೆ. ಅನ್ನ ಹುಟ್ಟದ ಇನ್ನೊಂದು ಕೆಲಸವನ್ನು ಎಂಟು ವರ್ಷದಿಂದ ತಲೆಗೆ ಕಟ್ಟಿಕೊಂಡಿದ್ದಾರೆ. ಅದು ಅಂಚೆ ರೇಸು. ಸಣ್ಣ ಸಣ್ಣ ಬಾಡಿಗೆ ಮನೆಗಳಲ್ಲಿ ಇಂಥ ಹಲಗೆ ಹಾಕಲು ಜಾಗವಿಲ್ಲದವರು ಊರೂರಲ್ಲಿ ಇದ್ದಾರೆ. ತಿಂಗಳುಗಟ್ಟಲೆ ಕೂತು ತಾವು ಕಟ್ಟಿದ, ಸೀಳಿನಲ್ಲಿ ಓಡುವ ಇಂಥ ಸ್ಲಾಟ್ ಕಾರನ್ನು ಅವರು ಪಾರ್ಸೆಲ್ ಮಾಡಿ ಇಲ್ಲಿಗೆ ಕಳಿಸುತ್ತಾರೆ. ವರ್ಷಕ್ಕೊಂದು ಭಾನುವಾರ ಅಷ್ಟನ್ನೂ ಓಡಿಸುವುದು ಈ ಒಬ್ಬರ ಬೆರಳು. ಕಾರಿಗೆ ನಾಲ್ಕು ಸೀಳು, ಸೀಳಿಗೆ ಮೂರು ನಿಮಿಷ. ಕಟ್ಟಿದವರು ಓಟ ನೋಡುವುದಿಲ್ಲ. ವಾರದ ಮೇಲೆ ಅವರಿಗೆ ಒಂದು ಹಾಳೆ ಹೋಗುತ್ತದೆ, ಕಾರು ವಾಪಸ್ ಹೋಗುವುದು ಆಮೇಲೆ. ಎಷ್ಟು ಸುತ್ತು, ಎಷ್ಟನೆಯ ಸ್ಥಾನ, ಕಾರಿನ ತಪ್ಪೇನು, ಇಷ್ಟೇ ಹಾಳೆಯಲ್ಲಿರುತ್ತದೆ.

ಮಕ್ಕಳಾಟ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಮುಖ ನೋಡದ ಮನುಷ್ಯನ ಬೆರಳನ್ನು ನಂಬಿ ನಿಮ್ಮ ಆರು ತಿಂಗಳ ಕೆಲಸವನ್ನು ಅಂಚೆಗೆ ಹಾಕಿ ನೋಡಿ. ನಗುವುದು ಆಮೇಲೆ.

"ಮನೆಗೆ ಬರೋ ಪೋಸ್ಟ್‌ಮ್ಯಾನ್ ನನ್ನನ್ನ ಆಟದ ಸಾಮಾನಿನ ಅಂಗಡಿಯವಳು ಅಂತಾನೇ ತಿಳ್ಕೊಂಡಿದ್ದ," ಎನ್ನುತ್ತಾ ಅವರ ಹೆಂಡತಿ ಮೆಟ್ಟಿಲು ಹತ್ತಿ ಬರುತ್ತಾರೆ. ಕೈಯಲ್ಲಿ ಎರಡು ಲೋಟ ಚಹಾ. "ಈ ಕೋಣೇಲಿ ಮಂಚ ಹಾಕ್ತೀನಿ ಅಂದಿದ್ರು. ಹಾಕಿದಾರೆ ನೋಡಿ ಮಂಚ. ಮಲಗೋಕೆ ಹೋದ್ರೆ ಶಾಕ್ ಹೊಡೆಯುತ್ತೆ."

ಅಣ್ಣ ನಗುವುದಿಲ್ಲ. ಅವರ ಕಣ್ಣು ಗೋಡೆಯ ಕಪಾಟಿನ ಮೇಲಿದೆ. ಅಲ್ಲಿ ಈ ಸಲ ಬಂದ ಹತ್ತೊಂಬತ್ತು ಕಾರುಗಳು ಸಾಲಾಗಿ ನಿಂತಿವೆ. ಹೋದ ವರ್ಷ ಇಪ್ಪತ್ತಮೂರು ಇದ್ದವು. ಈ ಹತ್ತೊಂಬತ್ತರಲ್ಲಿ ಒಂದು ನೀಲಿ ಕಾರು. ಚಾಲಕನ ಸೀಟಿಗೆ ಕೋಟಿನ ಒಳಪದರದ ಬಟ್ಟೆ ಹೊಲಿದಿದೆ. ಸ್ಟೀರಿಂಗಿಗೆ ಕಪ್ಪು ದಾರ ಸುತ್ತಿದೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕೆಲಸ, ಓಟಕ್ಕೆ ಮೂರು ಕಾಸಿನ ಉಪಯೋಗವಿಲ್ಲ. ಕಟ್ಟಿದವರು ದೂರದ ಊರಿನ ದರ್ಜಿ. ಇಬ್ಬರೂ ಒಬ್ಬರನ್ನೊಬ್ಬರು ಇದುವರೆಗೆ ಕಂಡವರಲ್ಲ.

ರೇಸು ಶುರುವಾದಾಗ ಅಣ್ಣ ಮಾಡಿದ ನಿಯಮ ಸರಳ. ಪಾರ್ಸೆಲ್ ಬಂದ ಸರದಿಯಲ್ಲೇ ಕಾರು ಓಡಬೇಕು. ಇದಕ್ಕಿಂತ ನೇರ ಯಾವುದಿದೆ? ದರ್ಜಿಯ ಪಾರ್ಸೆಲ್ ಪ್ರತಿ ವರ್ಷ ಎಲ್ಲರಿಗಿಂತ ಮೊದಲು ಬರುತ್ತಿತ್ತು. ಕೊನೆಯ ದಿನಾಂಕಕ್ಕೆ ಎರಡು ತಿಂಗಳು ಇರುವಾಗಲೇ ಬಿಳಿ ಬಟ್ಟೆಯಲ್ಲಿ ಹೊಲಿದ ಪೆಟ್ಟಿಗೆ ಬಾಗಿಲಿಗೆ ಬಂದು ಬೀಳುತ್ತಿತ್ತು. ಇರುವೆ ಸಾಲಿನಂಥ ಹೊಲಿಗೆ. ಬಿಚ್ಚಲು ಮನಸ್ಸಾಗದೆ ಅಣ್ಣ ಬ್ಲೇಡು ಹಿಡಿದು ಸುಮ್ಮನೆ ಕೂರುತ್ತಿದ್ದರಂತೆ. ಹಾಗಾಗಿ ರೇಸಿನ ದಿನ ಬೆಳಗಿನ ಜಾವ ಮೊದಲು ಓಡುತ್ತಿದ್ದದ್ದು ದರ್ಜಿಯ ಕಾರು. ಏಳು ವರ್ಷವೂ ಅದು ಕಟ್ಟಕಡೆಯ ಸ್ಥಾನಕ್ಕೆ ಬಂತು.

ಪ್ರತಿ ಸಲ ಅಣ್ಣ ಹಾಳೆಯಲ್ಲಿ ತಪ್ಪು ಬರೆದು ಕಳಿಸಿದರು. 'ಹಿಂದಿನ ಚಕ್ರ ಜಾರುತ್ತದೆ.' ದರ್ಜಿ ಚಕ್ರ ಬದಲಿಸಿದರು. 'ಎಳೆತ ಸಾಲದು.' ಮೋಟಾರು ಬದಲಿಸಿದರು. 'ಭಾರ ಹೆಚ್ಚು.' ಸೀಟಿನ ಬಟ್ಟೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಉಜ್ಜಿ ತೆಳ್ಳಗೆ ಮಾಡಿದರು. ಉಳಿದ ಸ್ಪರ್ಧಿಗಳು ಅವರಿಗೆ ಬಾಲಂಗೋಚಿ ಎಂದು ಹೆಸರಿಟ್ಟರು. ಏಳನೆಯ ಹಾಳೆ ತಲುಪಿದ ಮೇಲೆ ದರ್ಜಿಯಿಂದ ಒಂದು ಕಾರ್ಡು ಬಂತು: 'ನನ್ನ ಕೈ ಈ ಕೆಲಸಕ್ಕೆ ಆಗಿಬರಲಿಲ್ಲ. ಕಾರು ವಾಪಸ್ ಬೇಡ. ಬಿಡಿಭಾಗಕ್ಕೆ ಇಟ್ಟುಕೊಳ್ಳಿ.'

ಎರಡು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅಣ್ಣ ತಾಮ್ರದ ಪಟ್ಟಿಯ ಕಿತ್ತುಹೋದ ಬೆಸುಗೆ ಸರಿಮಾಡಿ, ಇನ್ನೊಂದು ಕಾರನ್ನು ಅರ್ಧ ಗಂಟೆ ಓಡಿಸಿ ನೋಡಿದರು. ಆಮೇಲೆ ಕೈಗೆ ಸಿಕ್ಕಿದ್ದು ಆ ನೀಲಿ ಕಾರು. ಇಟ್ಟು ಓಡಿಸಿದರು. ರೇಸಿನ ದಿನ ಮೂರು ನಿಮಿಷಕ್ಕೆ ಇಪ್ಪತ್ತೊಂದು ಸುತ್ತು ಹಾಕಿದ ಕಾರು ಇಪ್ಪತ್ತೈದು ಹಾಕಿತು. ಯಂತ್ರ ಕೆಟ್ಟಿದೆ ಅಂದುಕೊಂಡರು. ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು ಅದನ್ನೇ ಓಡಿಸಿದರೆ, ಇಪ್ಪತ್ತೊಂದು.

"ರಾತ್ರಿ ಕಳೆದ್ರೆ ತಾಮ್ರಕ್ಕೆ ಮಂಕು ಹಿಡಿಯುತ್ತೆ. ಹಲಗೆ ಮೇಲೆ ಧೂಳು ಕೂರುತ್ತೆ. ಬಟ್ಟೇಲಿ ಒರೆಸಿದ್ರೆ ಸಾಲಲ್ಲ, ಒಂದು ಕಾರು ಓಡಿ ಓಡಿ ಅದನ್ನ ತಿನ್ನಬೇಕು. ನನ್ನ ಬೆರಳೂ ಆ ಹೊತ್ತಿಗೆ ನಿದ್ದೇಲಿರುತ್ತೆ," ಎನ್ನುತ್ತಾರೆ ಅಣ್ಣ. ದನಿ ಏರುತ್ತದೆ. "ಮೂವತ್ತೊಂದು ವರ್ಷ ತಾಮ್ರದಲ್ಲೇ ಬದುಕಿದೀನ್ರೀ. ನನಗೆ ಗೊತ್ತಾಗಬಾರದಾ? ಎಲ್ಲರ ಕಸ ಅವರ ಕಾರಲ್ಲಿ ಗುಡಿಸಿದೆ. ಮೇಲಿಂದ ಅವರಿಗೇ ತಪ್ಪು ಬರೆದು ಕಳಿಸಿದೆ. ಇಲ್ಲದ ತಪ್ಪನ್ನ ಆ ಮನುಷ್ಯ ಏಳು ವರ್ಷ ತಿದ್ದಿದಾರೆ."

ಇನ್ನೊಬ್ಬರಾಗಿದ್ದರೆ ಬಾಯಿ ಮುಚ್ಚಿಕೊಂಡು ನಿಯಮ ಬದಲಿಸುತ್ತಿದ್ದರು. ಯಾರಿಗೆ ಗೊತ್ತಾಗುತ್ತಿತ್ತು? ಅಣ್ಣ ಇಪ್ಪತ್ತಮೂರು ಜನಕ್ಕೂ ನಡೆದದ್ದನ್ನು ನಡೆದ ಹಾಗೇ ಬರೆದರು. ಯಾವಾಗಲೂ ಕೊನೆಯ ದಿನ ಪಾರ್ಸೆಲ್ ಕಳಿಸಿ, ಬಿಸಿಯೇರಿದ ಹಲಗೆಯ ಮೇಲೆ ಓಡಿ, ಆರು ಸಲ ಗೆದ್ದಿದ್ದ ಹಲ್ಲಿನ ಡಾಕ್ಟರು ಫೋನು ಮಾಡಿದರು.

"ಏನ್ರೀ, ಹಾಗಾದ್ರೆ ನನ್ನ ಆರು ಗೆಲುವು ನನ್ನ ಸೋಮಾರಿತನಕ್ಕೆ ಸಿಕ್ಕಿದ್ದಾ?"

"ಒಂದೆರಡು ನಿಮ್ದೇ ಇರಬಹುದು ಡಾಕ್ಟ್ರೇ."

ಡಾಕ್ಟರು ಫೋನು ಇಟ್ಟರು. ಈ ವರ್ಷ ಅವರ ಕಾರು ಬಂದಿಲ್ಲ, ಅವರ ಮೂವರು ಸ್ನೇಹಿತರದ್ದೂ ಇಲ್ಲ. ಅದಕ್ಕೆ ಅಣ್ಣ ತಲೆ ಕೆಡಿಸಿಕೊಂಡಿಲ್ಲ. ತಲೆ ಕೆಟ್ಟದ್ದು ದರ್ಜಿಯ ಮೌನಕ್ಕೆ. ಮೊದಲ ಕಾಗದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯ ಸಲ ನೀಲಿ ಕಾರನ್ನೇ ಪಾರ್ಸೆಲ್ ಮಾಡಿ, 'ಕಟ್ಟಿದವರ ಕೈಯಿಂದ ಅಂಚೆಯಲ್ಲಿ ಬಂದ ಕಾರು ಮಾತ್ರ ಓಡಬಹುದು. ದಯವಿಟ್ಟು ಒಂದು ಸಲ ವಾಪಸ್ ಕಳಿಸಿ. ಸರಿಯಾಗಿ ಓಡಿಸುತ್ತೇನೆ' ಎಂದು ಬರೆದರು.

"ಮದುವೆಗೆ ಮೊದಲು ನನಗೆ ಒಂದು ಸಾಲು ಬರೆದವರಲ್ಲ," ಎಂದು ಹೆಂಡತಿ ಅಂದರೂ ದನಿಯಲ್ಲಿ ಕೊಂಕಿಲ್ಲ. "ಐದು ತಿಂಗಳು ದಿನಾ ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ ಕೇಳಿದ್ರೆ ಕೈಲಿದ್ದ ತಂತಿ ಬಿಟ್ಟು ಎದ್ದುಬಿಡೋರು. ಆಮೇಲೆ ಮೆಲ್ಲಗೆ ಬಂದು ಕೂರೋರು. ನೋಡೋಕಾಗ್ತಿರಲಿಲ್ಲ."

ಕೊನೆಯ ದಿನ, ಅಂಗಡಿ ಬಾಗಿಲು ಎಳೆಯುವ ಹೊತ್ತಿಗೆ ಅದು ಬಂತು. ಬಿಳಿ ಬಟ್ಟೆಯ ಪೆಟ್ಟಿಗೆ. ಅಣ್ಣ ಹೊಲಿಗೆ ನೋಡಿ ಗುರುತು ಹಿಡಿಯಲಿಲ್ಲ. ಬೆರಳುದ್ದದ ಹೊಲಿಗೆಗಳು ಎತ್ತೆತ್ತಲೋ ಹೋಗಿದ್ದವು. ಒಂದೆರಡು ಕಡೆ ಬಟ್ಟೆಯ ಅಂಚಿಗೇ ಸಿಕ್ಕಿರಲಿಲ್ಲ. ಒಳಗೆ ಕಾರು, ಜೊತೆಗೊಂದು ಚೀಟಿ. ಸೊಸೆಯ ಕೈಬರಹ:

'ಮಾವ ಹೇಳಿ ಬರೆಸಿದ್ದು: ಓಡಿಸಿ. ಆದರೆ ಎಷ್ಟನೆಯದು ಬಂತು ಅಂತ ನನಗೆ ಹೇಳಬೇಡಿ. ಏಳು ಸಲ ಕೇಳಿ ಸಾಕಾಗಿದೆ.' ಅದರ ಕೆಳಗೆ ಸೊಸೆಯದೇ ಮಾತು: 'ಮಾವನಿಗೆ ಕಣ್ಣು ಪೂರ್ತಿ ಮಂದವಾಗಿದೆ. ಪೇಪರನ್ನೂ ನಾನೇ ಓದಿ ಹೇಳ್ತೀನಿ. ಪಾರ್ಸೆಲ್ ನಾನು ಹೊಲೀತೀನಿ ಅಂದೆ, ಬಿಡಲಿಲ್ಲ. ಸೂಜಿಗೆ ದಾರ ಮಾತ್ರ ಪೋಣಿಸಿ ಕೊಟ್ಟೆ.'

ಆ ಬಟ್ಟೆಯನ್ನು ಅಣ್ಣ ಮಡಿಸಿ ಹಳೆಯ ಏಳು ಬಟ್ಟೆಗಳ ಮೇಲೆ ಇಟ್ಟಿದ್ದಾರೆ.

ಬೂದು ಕಾರು ನಿಲ್ಲುತ್ತದೆ. ಆರು ಗಂಟೆ. ಈಗ ಸರದಿಯನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ, ಎತ್ತುವುದು ಹೆಂಡತಿ. ನೀಲಿ ಕಾರಿಗೆ ಒಂಬತ್ತನೆಯ ಸರದಿ ಬರುತ್ತದೆ. ಎಂಟು ಕಾರು ಓಡುವವರೆಗೂ ಅಣ್ಣ ಸರಿಯಾಗಿಯೇ ಇದ್ದಾರೆ. ಒಂಬತ್ತನೆಯದನ್ನು ಸೀಳಿಗಿಟ್ಟ ಮೇಲೆ ಕಂಟ್ರೋಲರ್ ಕೆಳಗಿಟ್ಟು ಅಂಗೈ ಒರೆಸಿಕೊಳ್ಳುತ್ತಾರೆ.

"ಸ್ವಲ್ಪ ಜಾಸ್ತಿ ಒತ್ತಿಬಿಡಿ, ಪಾಪ," ಎಂದು ಹೆಂಡತಿ ಪಿಸುಗುಟ್ಟುತ್ತಾರೆ.

"ಬಾಯಿ ಮುಚ್ಚೇ. ಕರುಣೆ ತೋರಿಸಿದ್ರೆ ಅದೂ ಮೋಸಾನೇ."

ಹನ್ನೆರಡು ನಿಮಿಷ. ನೀಲಿ ಕಾರು ಒಂದು ಸಲವೂ ಸೀಳು ಬಿಟ್ಟು ಏಳುವುದಿಲ್ಲ. ಮುಗಿದಾಗ ಅಣ್ಣ ಯಂತ್ರದ ಅಂಕಿಯನ್ನು ಹಾಳೆಗೆ ಇಳಿಸಿ, ಗೋಡೆ ಕಡೆ ತಿರುಗಿ ಬಹಳ ಹೊತ್ತು ಮೂಗು ಒರೆಸಿಕೊಳ್ಳುತ್ತಾರೆ. ಹೆಂಡತಿ ಹತ್ತನೆಯ ಕಾರನ್ನು ತಾವೇ ಎತ್ತಿ ಹಲಗೆಯ ಮೇಲೆ ಇಡುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಹತ್ತೊಂಬತ್ತೂ ಓಡಿ ಮುಗಿದು ಸ್ಥಾನಗಳು ಗೊತ್ತಾಗುತ್ತವೆ. ದರ್ಜಿಯ ಕಾರು ಎಷ್ಟನೆಯದು ಎಂಬುದು ಪೇಪರಿಗೆ ಬರೆದ ಈ ಬರಹದಲ್ಲಿ ಇಲ್ಲ. ಆ ಸೊಸೆ ಮಾವನಿಗೆ ಪೇಪರು ಓದಿ ಹೇಳುತ್ತಾರೆ. ಬೇಡ ಎಂದವರ ಕಿವಿಗೆ ಅದನ್ನು ತುರುಕುವ ಹಕ್ಕು ಯಾರಿಗೂ ಇಲ್ಲ.

ಅಣ್ಣ ಹದಿನೆಂಟು ಲಕೋಟೆಗಳನ್ನು ಅಂಚೆಗೆ ಕಟ್ಟಿಡುತ್ತಾರೆ. ಹತ್ತೊಂಬತ್ತನೆಯದು ಕೆಳಗೆ ಅಂಗಡಿಯ ಡ್ರಾಯರಿನಲ್ಲಿ, ತಂತಿಯ ಸುರುಳಿಗಳ ಪಕ್ಕಕ್ಕೆ ಹೋಗುತ್ತದೆ. "ವಿಳಾಸ ಬರೆದು ಸ್ಟಾಂಪೂ ಹಚ್ಚಿ ಇಟ್ಟಿದೀನಿ. ಅವರು ಕೇಳಿದ ದಿನಾನೇ ಹಾಕ್ತೀನಿ. ಕೇಳಲಿ ಅಂತ ಒಂದು ಆಸೆ, ಅಷ್ಟೇ."

ನಾನು ಮೆಟ್ಟಿಲು ಇಳಿಯುವಾಗ ಅಣ್ಣ ಹಿಂದಿನಿಂದ ಕೂಗಿ ನಿಲ್ಲಿಸುತ್ತಾರೆ.

"ಪೇಪರಲ್ಲಿ ಸ್ಥಾನ ಹಾಕಬೇಡಿ. ತಪ್ಪು ಅನ್ನೋ ಕಡೆ ಏನು ಬರೆದಿದೀನಿ ಅಂತ ಮಾತ್ರ ಹಾಕಿ. ಕಾರಿನಲ್ಲಿ ತಪ್ಪಿಲ್ಲ. ಏಳು ವರ್ಷವೂ ಇರಲಿಲ್ಲ."